ದಡಿ ಓಣಿಯದು, ಸೆರಗು ಅಂಗಡಿಯದು: ಚೌತಿಗೆ ಅಂಗಡಿ ಗಾಜುಗಳ ಮೇಲೆ ಕಸೂತಿ ಬರೆಯುವ ಸಮಗ್ರ ಮಾರ್ಗದರ್ಶಿ

ಚೌತಿಯ ರಾತ್ರಿಗಳಲ್ಲಿ ಹುಬ್ಬಳ್ಳಿ ಪೇಟೆಗೆ ಜನ ಬರುವುದು ಖರೀದಿಗಲ್ಲ, ಗಣಪತಿ ನೋಡಲು. ಊಟ ಮುಗಿಸಿ, ಸಣ್ಣ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ದುರ್ಗದ ಬೈಲ್, ದಾಜಿಬಾನ ಪೇಟೆ, ಮರಾಠಾ ಗಲ್ಲಿ, ಸ್ಟೇಶನ್ ರಸ್ತೆ ಎಂದು ಪೆಂಡಾಲಿನಿಂದ ಪೆಂಡಾಲಿಗೆ ನಡೆಯುತ್ತಾರೆ. ಒಂದು ಪೆಂಡಾಲ್ ಬಿಟ್ಟು ಇನ್ನೊಂದು ಸಿಗುವ ತನಕ ಅವರ ಕಣ್ಣಿಗೆ ಬೀಳುವುದು ಇಳಿಸಿದ ಶಟರ್‌ಗಳು, ಮತ್ತೆ ಶುಭಾಶಯ ಕೋರುವವರ ಮುಖಗಳೇ ತುಂಬಿದ ಫ್ಲೆಕ್ಸ್‌ಗಳು. ಆ ನಡುವಿನ ದಾರಿಯನ್ನು ಓಣಿಯ ಅಂಗಡಿಕಾರರೇ ಸೇರಿ ಚಂದ ಮಾಡಬಹುದು. ಗಾಜಿನ ಮೇಲೆ ಬಣ್ಣದಲ್ಲಿ ಬರೆದರೆ ಹಬ್ಬ ಮುಗಿದ ಮೇಲೆ ತೊಳೆದು ತೆಗೆಯಲೂ ಬರುತ್ತದೆ.

ಹತ್ತು ಅಂಗಡಿಯವರು ಹತ್ತು ಚಿತ್ರ ಬರೆಸಿದರೆ ಅದು ಓಣಿಯ ಹಬ್ಬ ಆಗುವುದಿಲ್ಲ, ಹತ್ತು ಜಾಹೀರಾತು ಆಗುತ್ತದೆ. ಎಲ್ಲ ಗಾಜುಗಳನ್ನೂ ಹಾದುಹೋಗುವ ಒಂದು ಗೆರೆ ಬೇಕು. ಅದನ್ನು ನಮ್ಮ ಕಡೆಯ ಸೀರೆಯಿಂದಲೇ ತೆಗೆದುಕೊಳ್ಳಿ. ಓಣಿಯ ಈ ತುದಿಯಿಂದ ಆ ತುದಿಯವರೆಗೆ ಒಂದೇ ಎತ್ತರದಲ್ಲಿ, ಒಂದೇ ನಮೂನೆಯಲ್ಲಿ ಓಡುವ ದಡಿ, ಅಂದರೆ ಸೀರೆಯ ಅಂಚು. ಅದರ ಕೆಳಗೆ ಪ್ರತಿ ಅಂಗಡಿಗೂ ತನ್ನದೇ ಆದ ಒಂದು ಸೆರಗು. ದಡಿಯನ್ನು ಎಲ್ಲರೂ ಸೇರಿ ತೀರ್ಮಾನಿಸುವುದು, ಸೆರಗನ್ನು ಅವರವರಿಗೆ ಬಿಡುವುದು. ಇಷ್ಟು ಮನಸ್ಸಿನಲ್ಲಿದ್ದರೆ ಮುಂದಿನ ಜಗಳಗಳಲ್ಲಿ ಅರ್ಧ ಹುಟ್ಟುವುದೇ ಇಲ್ಲ.

ಓಣಿಯನ್ನು ಒಪ್ಪಿಸುವುದು

ಚೌತಿಗೆ ಒಂದು ತಿಂಗಳು ಇರುವಾಗಲೇ ಮಾತು ಶುರು ಮಾಡಬೇಕು. ಆಮೇಲೆ ಎಲ್ಲರಿಗೂ ಸೀಸನ್ನು, ನಿಮ್ಮ ಮಾತು ಕೇಳಲು ಯಾರಿಗೂ ಪುರಸೊತ್ತು ಇರುವುದಿಲ್ಲ. ಮೊದಲ ದಿನವೇ ಸಭೆ ಕರೆಯಬೇಡಿ. ಸಭೆಯಲ್ಲಿ ಒಬ್ಬರು ‘ಇದೆಲ್ಲ ಯಾಕ ಬೇಕ್ರಿ’ ಅಂದರೆ ಉಳಿದವರೂ ಅದಕ್ಕೇ ತಲೆದೂಗುತ್ತಾರೆ. ಓಣಿಯಲ್ಲಿ ಎಲ್ಲರಿಗಿಂತ ಹಳೆಯ ಅಂಗಡಿ ಯಾವುದೋ ಅಲ್ಲಿಗೆ ಮಧ್ಯಾಹ್ನ ಗಿರಾಕಿ ಕಡಿಮೆ ಇರುವ ಹೊತ್ತಿಗೆ ಹೋಗಿ ಕೂತು, ಚಹಾ ತರಿಸಿ ಮಾತಾಡಿ. “ಕಾಕಾ, ನಿಮ್ಮ ಅಂಗಡಿಯಿಂದನ ಶುರು ಮಾಡೋಣಂತೀವ್ರಿ” ಎಂದರೆ ಆ ಕಾಕಾ ಮುಂದಿನ ನಾಲ್ಕು ಅಂಗಡಿಯನ್ನು ತಾವೇ ಒಪ್ಪಿಸುತ್ತಾರೆ. ಅಕ್ಕಪಕ್ಕದ ಐದಾರು ಅಂಗಡಿ ಸಾಲಾಗಿ ಸಿಕ್ಕರೆ ಸಾಕು. ನಡುನಡುವೆ ಬಿಟ್ಟ ಹದಿನೈದು ಅಂಗಡಿಗಿಂತ ಒಂದಕ್ಕೊಂದು ಅಂಟಿದ ಆರು ಅಂಗಡಿ ಲೇಸು, ಯಾಕೆಂದರೆ ದಡಿ ಹರಿದರೆ ದಡಿಯೇ ಅಲ್ಲ.

ಪ್ರತಿಯೊಬ್ಬರಿಂದಲೂ ಮೂರು ವಿಷಯಕ್ಕೆ ಒಪ್ಪಿಗೆ ತೆಗೆದುಕೊಳ್ಳಿ, ಬಾಯಿಮಾತಿನಲ್ಲಿ ಬಿಡದೆ ಒಂದು ಹಾಳೆಯಲ್ಲಿ ಬರೆದಿಡಿ. ಬರೆಯುವ ದಿನ ಬೆಳಿಗ್ಗೆ ಆರಕ್ಕೆ ಶಟರ್ ತೆಗೆಯಲು ಯಾರು ಬರುತ್ತಾರೆ. ಹಬ್ಬದ ರಾತ್ರಿಗಳಲ್ಲಿ ವ್ಯಾಪಾರ ಮುಗಿದ ಮೇಲೂ ಶಟರ್ ಎಷ್ಟು ಹೊತ್ತಿನವರೆಗೆ ಮೇಲಿರುತ್ತದೆ. ಕೊನೆಗೆ ತೊಳೆಯುವವರು ಯಾರು. ಎರಡನೆಯದೇ ಎಲ್ಲಕ್ಕಿಂತ ಕಷ್ಟದ್ದು. ನಮ್ಮ ಪೇಟೆಯಲ್ಲಿ ಗಾಜು ಇರುವುದು ಶಟರ್‌ನ ಒಳಗೆ. ಒಂಬತ್ತೂವರೆಗೆ ಶಟರ್ ಇಳಿದರೆ ಬರೆದದ್ದೆಲ್ಲ ಒಳಗೇ ಕೂತಿತು. ಗಾಜಿನ ಬಾಗಿಲಿಗೆ ಕೀಲಿ ಹಾಕಿ, ಕಾವಲಿಗೆ ಒಬ್ಬ ಹುಡುಗನನ್ನು ಕೂರಿಸಿ ಹನ್ನೊಂದರವರೆಗೆ ಶಟರ್ ಮೇಲಿಡಲು ಒಪ್ಪುವವರು ಎಷ್ಟು ಮಂದಿ ಎಂದು ಮೊದಲೇ ತಿಳಿಯಬೇಕು. ಬಂಗಾರದ ಅಂಗಡಿಯವರು ಇದಕ್ಕೆ ಒಪ್ಪುವುದಿಲ್ಲ, ಒಪ್ಪಿಸಲು ಹೋಗಲೂಬೇಡಿ. ಅವರಿಗೆ ಶಟರ್‌ನ ಮೇಲೇ ದಡಿ ಬರೆಯುವ ದಾರಿ ಇದೆ, ಮುಂದೆ ಹೇಳುತ್ತೇನೆ.

ಬಾಡಿಗೆ ಅಂಗಡಿಯಾದರೆ ಮಾಲೀಕರಿಗೂ ಒಂದು ಮಾತು ಹೇಳಿಸಿ. ಗಾಜು ನಿಮ್ಮದೋ ಅವರದೋ ಎಂಬ ಪ್ರಶ್ನೆ ಏಳುವುದು ಗಾಜು ಒಡೆದಾಗಲೇ.

ಖರ್ಚಿನ ಪಟ್ಟಿಯನ್ನು ಗಣಪತಿ ಪಟ್ಟಿಯ, ಅಂದರೆ ಚಂದಾ ಹಣದ ಜೊತೆ ಬೆರೆಸಬೇಡಿ. ಗಣಪತಿ ಕೂರಿಸುವ ಮಂಡಳದ ಲೆಕ್ಕ ಬೇರೆ, ಇದು ಬೇರೆ. ದಡಿಯ ಬಣ್ಣ, ಕಾಗದ, ಪೇಂಟರ್ ಕೂಲಿ ಎಲ್ಲ ಸೇರಿಸಿ ಗಾಜಿನ ಉದ್ದದ ಮೇಲೆ ಅಡಿ ಲೆಕ್ಕದಲ್ಲಿ ಹಂಚಿದರೆ ತಕರಾರು ಇರುವುದಿಲ್ಲ. ಆರು ಅಡಿ ಗಾಜಿನ ಔಷಧಿ ಅಂಗಡಿ, ಇಪ್ಪತ್ತು ಅಡಿಯ ಜವಳಿ ಅಂಗಡಿಯಷ್ಟೇ ಯಾಕೆ ಕೊಡಬೇಕು? ಸೆರಗಿನ ಖರ್ಚು ಅವರವರದೇ.

ಬರೆಯುವವರನ್ನು ಹುಡುಕುವಾಗ ಮೊದಲು ಬೋರ್ಡ್ ಬರೆಯುತ್ತಿದ್ದ ಹಳೆಯ ಪೇಂಟರ್‌ಗಳನ್ನು ನೆನೆಯಿರಿ. ಫ್ಲೆಕ್ಸ್ ಬಂದು ಅವರ ಕೈಗೆ ಕೆಲಸ ಇಲ್ಲವಾದರೂ ಅವರ ಹಾಗೆ ನಿಂತ ನಿಲುವಿನಲ್ಲಿ ನೇರ ಗೆರೆ ಎಳೆಯುವವರು ಇನ್ನೂ ಹುಟ್ಟಿಲ್ಲ. ಒಬ್ಬ ಪೇಂಟರ್‌ಗೆ ದಿನದ ಪೂರ್ತಿ ಕೂಲಿ ಕೊಟ್ಟು ದಡಿಯ ಉಸ್ತುವಾರಿ ವಹಿಸಿ. ಉಳಿದ ಕೈಗಳು ಓಣಿಯಲ್ಲೇ ಇವೆ: ಬಾಗಿಲಿಗೆ ದಿನಾ ರಂಗೋಲಿ ಹಾಕುವ ಅಕ್ಕಂದಿರು, ಕಸೂತಿ ಬಲ್ಲ ಅಜ್ಜಿಯರು, ಕಾಲೇಜಿನ ಹುಡುಗ ಹುಡುಗಿಯರು. ಧಾರವಾಡ ಮತ್ತು ಗದುಗಿನಲ್ಲಿ ಚಿತ್ರಕಲಾ ಶಾಲೆಗಳಿವೆ. ಅಲ್ಲಿಯ ವಿದ್ಯಾರ್ಥಿಗಳನ್ನು ಕರೆಯುವುದಾದರೆ ‘ಪ್ರಚಾರ ಸಿಗುತ್ತದೆ’ ಎಂದು ಪುಕ್ಕಟೆ ದುಡಿಸಬೇಡಿ. ಬಸ್ಸಿನ ಖರ್ಚು, ಊಟ, ಮೇಲೆ ಗೌರವಧನ ಕೊಡುವುದು ಮರ್ಯಾದೆ.

ಗಾಜು ನೋಡಿಕೊಂಡು ಬರುವುದು

ಒಂದು ವಹಿ, ಟೇಪು, ಪೆನ್ಸಿಲ್ಲು ಹಿಡಿದು ಸಾಲಿನ ಪ್ರತಿ ಅಂಗಡಿಯ ಮುಂದೆ ನಿಲ್ಲಿ. ಗಾಜಿನ ಅಗಲ, ಎತ್ತರ, ನಡುವಿನ ಅಲ್ಯೂಮಿನಿಯಂ ಪಟ್ಟಿಗಳು, ಎಳೆಯುವ ಬಾಗಿಲು ಯಾವುದು, ಕದಲದ ಗಾಜು ಯಾವುದು ಎಂದು ಗೀಚಿಕೊಳ್ಳಿ. ಅದರ ಜೊತೆ ಇನ್ನು ಕೆಲವನ್ನು ನೋಡಲೇಬೇಕು.

ಗಾಜಿನ ಒಳಮೈಗೆ ಬಿಸಿಲು ತಡೆಯುವ ಫಿಲ್ಮ್ ಅಂಟಿಸಿದ್ದಾರೆಯೇ? ಉಗುರಿನಿಂದ ಅಂಚನ್ನು ಮುಟ್ಟಿದರೆ ಗೊತ್ತಾಗುತ್ತದೆ. ಫಿಲ್ಮ್ ಇದ್ದ ಮೈ ಮೇಲೆ ಬಣ್ಣವೂ ಬೇಡ, ಬ್ಲೇಡೂ ಬೇಡ. ತೆಗೆಯುವಾಗ ಗೀರು ಬೀಳುತ್ತದೆ. ಅಲ್ಲಿ ಹೊರಗಿನಿಂದಲೇ ಬರೆಯಬೇಕು.

ಗಾಜಿನ ಮೂಲೆಯಲ್ಲಿ ಸಣ್ಣ ಮುದ್ರೆ ಇದ್ದರೆ ಅದು ಬಹುತೇಕ ಟಫನ್ಡ್ ಗಾಜು, ಅಂದರೆ ಕಾಯಿಸಿ ಗಟ್ಟಿಮಾಡಿದ್ದು. ಬಾಗಿಲುಗಳು ಸಾಮಾನ್ಯವಾಗಿ ಇದರಲ್ಲೇ ಇರುತ್ತವೆ. ಇದು ಬಲವಾದದ್ದು ನಿಜ, ಆದರೆ ಬ್ಲೇಡ್ ಎಳೆದರೆ ಮೈ ಮೇಲಿನ ಕಣ್ಣಿಗೆ ಕಾಣದ ಹರಳುಗಳು ಎದ್ದು ಉದ್ದಕ್ಕೂ ಗೀರುತ್ತವೆ. ವಹಿಯಲ್ಲಿ ಇದರ ಮುಂದೆ ‘ಬ್ಲೇಡ್ ಬೇಡ’ ಎಂದು ಬರೆದುಕೊಳ್ಳಿ.

ಮುದ್ರೆ ಇಲ್ಲದ ಹಳೆಯ ಸಾದಾ ಗಾಜು, ಪಶ್ಚಿಮಕ್ಕೆ ಮುಖ, ಒಳಗೆ ಏಸಿ ಇದ್ದರೆ ಹುಷಾರು. ದೊಡ್ಡ ಜಾಗಕ್ಕೆ ಕಡುಬಣ್ಣ ಬಳಿದರೆ ಆ ಭಾಗ ಬಿಸಿಲಿಗೆ ಕಾದು, ಪಕ್ಕದ ಬರಿಗಾಜು ತಣ್ಣಗೇ ಇದ್ದು, ಆ ಎಳೆತಕ್ಕೆ ಗಾಜು ಸೀಳಬಹುದು. ಆಗಸ್ಟ್ ಕೊನೆ, ಸೆಪ್ಟೆಂಬರಿನಲ್ಲಿ ಮೋಡವೇ ಜಾಸ್ತಿ, ಆದರೂ ಮೋಡ ಸರಿದ ಮಧ್ಯಾಹ್ನದ ಬಿಸಿಲು ಚುರುಕು. ಗೆರೆಯಲ್ಲೇ ಬರೆಯುವ ಕಸೂತಿಗೆ ಈ ಅಪಾಯ ಇಲ್ಲವೆನ್ನುವಷ್ಟು ಕಡಿಮೆ. ಕಸೂತಿಯನ್ನೇ ಆರಿಸಲು ಇದೂ ಒಂದು ಕಾರಣ.

ಪೆಂಡಾಲಿನ ಕಂಬ, ಸ್ವಾಗತ ಕಮಾನು ಎಲ್ಲಿ ಬರುತ್ತವೆ ಎಂದು ಮಂಡಳದವರನ್ನು ಕೇಳಿ. ಎರಡು ಮೂರು ಬೆಳಗು ಕೂತು ಬರೆದ ಸೆರಗಿನ ಮುಂದೆ ಜನರೇಟರ್ ಬಂದು ನಿಲ್ಲುವುದು ಬೇಡ.

ಗಾಜೇ ಇಲ್ಲದ ಅಂಗಡಿಗಳ ಪ್ರಶ್ನೆ ಇದ್ದೇ ಇದೆ. ಕೊಪ್ಪಿಕರ್ ರಸ್ತೆಯಲ್ಲಿ ಗಾಜಿನ ಮುಖಗಳು ಸಾಲಾಗಿ ಸಿಗುತ್ತವೆ. ದುರ್ಗದ ಬೈಲಿನಂಥ ಹಳೆ ಪೇಟೆಯಲ್ಲಿ ಕಟ್ಟೆ, ಗಾದಿ, ಮುಂದೆ ಹರವಿದ ಸಾಮಾನು. ಕಿರಾಣಿ ಅಂಗಡಿಗೆ ಗಾಜು ಎಲ್ಲಿಂದ ಬರಬೇಕು? ಅಂಥಲ್ಲಿ ಒಂದಡಿ ಅಗಲದ ಪಾರದರ್ಶಕ ಅಕ್ರಿಲಿಕ್ ಶೀಟನ್ನು ದಡಿಯ ಎತ್ತರಕ್ಕೆ ಮುಂಗಟ್ಟಿನಲ್ಲಿ ತೂಗುಹಾಕಿ ಅದರ ಮೇಲೆ ದಡಿ ಬರೆಯಿರಿ. ಶಟರ್ ಮೇಲೆ ಬರೆಯುವುದಾದರೆ ಮೊದಲು ಒಣಬಟ್ಟೆಯಲ್ಲಿ ಗ್ರೀಸು, ಧೂಳು ಒರೆಸಿ, ಶಟರ್ ಪೂರ್ತಿ ಇಳಿಸಿ ಬರೆಯಬೇಕು. ಪಟ್ಟಿಗಳ ಸಂದಿನಲ್ಲಿ ಬಣ್ಣ ದಪ್ಪಗೆ ನಿಂತರೆ ಸುತ್ತಿಕೊಳ್ಳುವಾಗ ಕಿತ್ತು ಬರುತ್ತದೆ. ಶಟರ್ ಬಣ್ಣವನ್ನು ಗಾಜಿನ ಹಾಗೆ ಕೆರೆದು ತೆಗೆಯಲು ಬರುವುದಿಲ್ಲ, ಅದು ಅಲ್ಲೇ ಉಳಿಯುತ್ತದೆ ಎಂದು ಮಾಲೀಕರಿಗೆ ಮೊದಲೇ ಹೇಳಿ. ಬೀದಿ ದೀಪದ ಕಂಬ, ಸರ್ಕಾರಿ ಕಾಂಪೌಂಡ್ ಗೋಡೆಗಳಿಗೆ ಮಾತ್ರ ಕೈ ಹಚ್ಚಬೇಡಿ. 1981ರ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆ ಇರುವುದೇ ಅದಕ್ಕೆ.

ಏನು ಬರೆಯುವುದು, ಏನು ಬಿಡುವುದು

ಗಣಪತಿಯ ಮುಖ ಬರೆಯಬೇಡಿ. ಇದು ನನ್ನ ಖಡಾಖಂಡಿತ ಮಾತು. ವಿಸರ್ಜನೆ ಮುಗಿದ ಮೇಲೆ ದೇವರ ಮುಖಕ್ಕೆ ಸೋಪಿನ ನೀರು ಸುರಿದು ಬ್ಲೇಡ್ ಹಾಕುವವರು ಯಾರು? ಯಾರೂ ಮುಂದೆ ಬರುವುದಿಲ್ಲ. ದೀಪಾವಳಿ ದಾಟಿದರೂ ಅರ್ಧ ಉದುರಿದ ಸೊಂಡಿಲು ಗಾಜಿನ ಮೇಲೇ ಇರುತ್ತದೆ, ಅದು ಇನ್ನೂ ಕೆಟ್ಟದು. ಪೆಂಡಾಲಿನಲ್ಲಿ ಮೂರ್ತಿ ಇದ್ದೇ ಇದೆ. ನಾವು ಬರೆಯಬೇಕಾದದ್ದು ಅವನ ಸುತ್ತಲಿನದು: ಗರಿಕೆ, ಎಕ್ಕದ ಹೂವು, ಕಡುಬಿನ ತಟ್ಟೆ, ಡೊಳ್ಳು, ಇಲಿ, ಆನೆಯ ಸಾಲು. ಓಣಿಯಲ್ಲಿ ಎಲ್ಲ ಧರ್ಮದವರ ಅಂಗಡಿ ಇರುತ್ತವೆ. ನವಿಲು, ಆನೆ, ತೇರು ಬೇಡ ಎಂದು ಯಾರೂ ಹೇಳುವುದಿಲ್ಲ.

ದಡಿಗೆ ಕಸೂತಿಗಿಂತ ಒಳ್ಳೆಯದು ನನಗೆ ತೋಚಿಲ್ಲ. ಧಾರವಾಡ ಸೀಮೆಯ ಈ ಹೊಲಿಗೆ ಬಟ್ಟೆಯ ಎಳೆ ಎಣಿಸಿ ಹಾಕುವಂಥದ್ದು, ಅಂದರೆ ಹುಟ್ಟಾ ಚೌಕುಳಿ ಲೆಕ್ಕದ ಕಲೆ. ಗೋಪುರ, ತೇರು, ತುಳಸಿಕಟ್ಟೆ, ಅಂಬಾರಿ ಆನೆ, ನವಿಲು, ತೊಟ್ಟಿಲು ಎಲ್ಲ ಅದರಲ್ಲಿವೆ. ಅದರ ಗಾವಂತಿ (ನೇರ ಗೆರೆಯದು) ಮತ್ತು ಮುರಗಿ (ಮೆಟ್ಟಿಲು ಗೆರೆಯದು) ಹೊಲಿಗೆಯಲ್ಲಿ ನೇರ ಗೆರೆ, ಮೆಟ್ಟಿಲು ಗೆರೆ, ಅಡ್ಡಗೆರೆ ಇಷ್ಟೇ; ಚಿತ್ರ ಬರೆಯಲು ಬಾರದವರೂ ಚೌಕುಳಿಯ ಮನೆ ಎಣಿಸಿ ಬರೆಯಬಹುದು. ಹಿಂದೆ ಮದುವಣಗಿತ್ತಿಗೆ ಕೊಡುತ್ತಿದ್ದ ಚಂದ್ರಕಾಳಿ ಸೀರೆಯಲ್ಲಿ ಕಪ್ಪು ನೆಲದ ಮೇಲೆ ಕಸೂತಿ ಎದ್ದು ಕಾಣುತ್ತಿತ್ತಲ್ಲ, ದೀಪ ಆರಿಸಿದ ಅಂಗಡಿಯ ಗಾಜೂ ರಾತ್ರಿ ಹಾಗೇ ಕಪ್ಪು ನೆಲ.

ಅಳತೆ ಹೀಗಿರಲಿ. ಒಂದು ಮನೆಗೆ ಒಂದು ಇಂಚು. ದಡಿಯ ಎತ್ತರ 12 ಮನೆ, ಒಂದಡಿ. ಮೇಲೆ ಎರಡು ಮನೆ, ಕೆಳಗೆ ಎರಡು ಮನೆ ಮುರಗಿ ಗೆರೆಗೆ ಹೋದರೆ ನಡುವೆ 8 ಮನೆ ಉಳಿಯುತ್ತದೆ. ಅದರಲ್ಲಿ ಆನೆ, ಗೋಪುರ, ಆನೆ, ಗೋಪುರ. ಹಳೆಯ ಸೀರೆಯ ನಮೂನೆಯನ್ನು ಅಜ್ಜಿಯರಿಂದ ಗ್ರಾಫ್ ಹಾಳೆಗೆ ಇಳಿಸಿಕೊಳ್ಳಿ, ಆದರೆ ಅದರ ಸೂಕ್ಷ್ಮವನ್ನೆಲ್ಲ ತರಲು ಹೋಗಬೇಡಿ. ರಸ್ತೆಯ ಆಚೆ ಬದಿಯಿಂದ ನೋಡುವವರಿಗೆ ಆನೆಯ ಕಣ್ಣು ಕಾಣುವುದಿಲ್ಲ, ಸೊಂಡಿಲು ಕಾಣಬೇಕು.

ಸೆರಗು ಗಾಜಿನ ಒಂದು ಬದಿಗೆ, ದಡಿಯಿಂದ ಕೆಳಗಿಳಿಯುವ ಒಂದೂವರೆ ಅಡಿ ಅಗಲದ ಪಟ್ಟಿ. ಪ್ರದರ್ಶನಕ್ಕಿಟ್ಟ ಸೀರೆ, ಗೊಂಬೆ ಮುಚ್ಚಬಾರದು. ಗಲ್ಲಾದಲ್ಲಿ ಕೂತವರಿಗೆ ರಸ್ತೆ ಕಾಣಬೇಕು. ಇಲ್ಲಿ ಅಂಗಡಿಯ ಕಸುಬು ಬರಲಿ, ಆದರೆ ಕಸೂತಿಯ ಭಾಷೆಯಲ್ಲೇ. ಪಾತ್ರೆ ಅಂಗಡಿಗೆ ಒಂದರ ಮೇಲೊಂದು ಕೊಡ, ಔಷಧಿ ಅಂಗಡಿಗೆ ತುಳಸಿಕಟ್ಟೆ, ಕನ್ನಡಕದ ಅಂಗಡಿಗೆ ನವಿಲುಗರಿಯ ಕಣ್ಣುಗಳು, ಹಾರ್ಡ್‌ವೇರ್ ಅಂಗಡಿಗೆ ತೇರಿನ ಗಾಲಿ, ಪೇಢೆ ಅಂಗಡಿಗೆ ತಟ್ಟೆಯ ಗೋಪುರ, ಮಕ್ಕಳ ಬಟ್ಟೆಯವರಿಗೆ ತೊಟ್ಟಿಲು. ಮೊಬೈಲ್ ಅಂಗಡಿಯವರಿಗೆ ಗಿಣಿ ಕೊಟ್ಟುಬಿಡಿ, ಬಿಡುವಿಲ್ಲದೆ ಮಾತಾಡುವುದು ಅದೇ. ಫೋನ್ ನಂಬರು, ‘ಶೇ. 50 ರಿಯಾಯಿತಿ’ ಸೆರಗಿನಲ್ಲೂ ಬೇಡ. ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತದೆ.

ಅಕ್ಷರ ಬರೆಯಲೇಬೇಕಿದ್ದರೆ ಓಣಿಗೆ ಒಂದೇ ಕಡೆ, ಓಣಿಯ ಹೆಸರು ಮಾತ್ರ. ಹತ್ತು ಅಡಿ ದೂರಕ್ಕೆ ಒಂದಿಂಚು ಎತ್ತರದ ಅಕ್ಷರ ಎನ್ನುವುದು ಬೋರ್ಡಿನವರ ಲೆಕ್ಕ. ಕನ್ನಡದಲ್ಲಿ ಒತ್ತಕ್ಷರಗಳಿಗೂ ಜಾಗ ಬೇಕು, ನಲವತ್ತು ಅಡಿ ದೂರದಿಂದ ಓದಬೇಕಾದರೆ ಮೂಲ ಅಕ್ಷರವೇ ಐದಾರು ಇಂಚು ಇರಲಿ.

ಬಣ್ಣದ ಆಯ್ಕೆ

ಗಾಜಿನ ಒಳಮೈಗೆ ಪೋಸ್ಟರ್ ಕಲರ್ ಸಾಕು. ಗಾಜಿನ ಮೇಲೆ ಅದು ಹನಿಹನಿಯಾಗಿ ಸರಿಯದಂತೆ ಪಾತ್ರೆ ತೊಳೆಯುವ ದ್ರವ ಸೋಪನ್ನು ಒಂದು ಬಟ್ಟಲಿಗೆ ಎರಡು ಮೂರು ಹನಿ ಸೇರಿಸಿ, ನೀರು ಹಾಕದೆ ಗಟ್ಟಿಯಾಗೇ ಬಳಸಿ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಒಣಗಿದ ಮೇಲೂ ನೀರು ತಾಗಿದರೆ ಕರಗುತ್ತದೆ ಎನ್ನುವುದು ಇದರ ಗುಣವೂ ಹೌದು, ದೋಷವೂ ಹೌದು. ಅದರ ಮೇಲೆ ಎರಡನೆಯ ಕೈ ಹೊಡೆಯುವಾಗ ಕುಂಚ ಒಂದೇ ಸಲ ಹಗುರಾಗಿ ಹೋಗಬೇಕು, ತಿಕ್ಕಿದರೆ ಕೆಳಗಿನದೂ ಎದ್ದು ಬರುತ್ತದೆ.

ಹೊರಮೈಗೆ ಪೋಸ್ಟರ್ ಕಲರ್ ನಡೆಯದು. ಚೌತಿಯ ಹೊತ್ತಿಗೆ ಜಿಟಿಜಿಟಿ ಮಳೆ ಇಲ್ಲದ ವರ್ಷ ಕಡಿಮೆ. ಗೋಡೆಗೆ ಬಳಿಯುವ ಬಿಳಿ ಎಮಲ್ಷನ್ ಒಂದು ಲೀಟರ್ ಡಬ್ಬಿ, ಅದಕ್ಕೆ ಬೆರೆಸಲು ಬೇಕಾದ ಬಣ್ಣದ ಸ್ಟೇನರ್ (ಗಟ್ಟಿ ದ್ರವ ಬಣ್ಣ) ಬಾಟಲಿ. ಬಹುಪಾಲು ಗೆರೆಗಳಿರುವ ಕೆಲಸಕ್ಕೆ ಆರೇಳು ಅಂಗಡಿಯ ದಡಿಗೂ ಇದು ಮಿಗುತ್ತದೆ. ಸ್ಟೇನರ್ ಜಾಸ್ತಿ ಸುರಿದರೆ ಬಣ್ಣ ಗಾಢವಾಗುವುದಿಲ್ಲ, ಒಣಗದೆ ಕೈಗೆ ಅಂಟುತ್ತದೆ. ಗಾಢ ಕೆಂಪು, ಹಳದಿ ಬೇಕಿದ್ದರೆ ಆ ಎರಡನ್ನು ಮಾತ್ರ ಅಕ್ರಿಲಿಕ್ ಬಣ್ಣದಲ್ಲಿ ತನ್ನಿ. ಆಯಿಲ್ ಪೇಂಟ್, ಇನಾಮಲ್ ಮಾತ್ರ ಯಾರು ಎಷ್ಟೇ ಹೇಳಿದರೂ ಬೇಡ.

ದಡಿಗೆ ಎರಡೇ ಬಣ್ಣ ಇರಲಿ. ಬಿಳಿ ಒಂದು, ಅರಿಶಿನ ಹಳದಿ ಇಲ್ಲವೇ ಕುಂಕುಮ ಕೆಂಪು ಒಂದು. ಓಣಿಗೆಲ್ಲ ಒಬ್ಬರೇ ಕಲಸಿ, ಒಂದೇ ಡಬ್ಬಿಯಿಂದ ಹಂಚಬೇಕು. ಅಂಗಡಿಗೊಬ್ಬರು ಕಲಸಿದ ಹಳದಿ ಅಂಗಡಿಗೊಂದು ಬಗೆ ಆಗುತ್ತದೆ.

ಕುಂಚ ಅರ್ಧ ಇಂಚಿನ ಚಪ್ಪಟೆಯದು ನಾಲ್ಕು, ಸಣ್ಣ ಗುಂಡು ಕುಂಚ ಎರಡು. ಮಾಸ್ಕಿಂಗ್ ಟೇಪ್, ಬಟರ್ ಪೇಪರ್ ರೋಲ್, ಹಳೆ ಪೇಪರು, ಸುತ್ತಿದ ಹತ್ತಿಕಡ್ಡಿ, ಎರಡು ಬಕೆಟ್. ಗೆರೆ ತಪ್ಪಿದರೆ ಒಣಗುವ ಮೊದಲೇ ಒದ್ದೆ ಹತ್ತಿಕಡ್ಡಿಯಲ್ಲಿ ಸರಿಮಾಡಬಹುದು.

ಗಾಜು ತೊಳೆಯುವುದು

ಸೋಪಿನ ನೀರು, ಆಮೇಲೆ ಬರಿ ನೀರು, ಆಮೇಲೆ ಸರ್ಜಿಕಲ್ ಸ್ಪಿರಿಟ್ ಹಚ್ಚಿದ ಬಟ್ಟೆ, ಕೊನೆಗೆ ಒಣ ಪೇಪರು. ಹಳೆ ಸ್ಟಿಕ್ಕರಿನ ಅಂಟಿದ್ದರೆ ಕೊಬ್ಬರಿ ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟು ಕೆರೆದು, ಮತ್ತೆ ಸೋಪಿನಿಂದ ಶುರು ಮಾಡಿ. ಮಿಠಾಯಿ, ಭಜಿ ಅಂಗಡಿಯ ಗಾಜಿಗೆ ಜಿಡ್ಡು ಕಣ್ಣಿಗೆ ಕಾಣದೆ ಇರುತ್ತದೆ. ಅಲ್ಲಿ ಎರಡು ಸಲ ತೊಳೆದರೇ ಬಣ್ಣ ಹಿಡಿಯುವುದು.

ದಡಿಯ ಎತ್ತರ ಗುರುತಿಸುವುದು

ಇಡೀ ಕೆಲಸದ ಜೀವ ಇಲ್ಲಿದೆ, ಅವಸರ ಬೇಡ.

ಹಬ್ಬದ ಜನಸಂದಣಿಯಲ್ಲಿ ಐದಡಿ ಕೆಳಗಿನದು ಏನೂ ಕಾಣುವುದಿಲ್ಲ, ಮುಂದಿನವರ ತಲೆಯೇ ಕಾಣುವುದು. ಹಾಗಾಗಿ ದಡಿ ರಸ್ತೆಯಿಂದ ಆರಡಿಗೆ ಶುರುವಾಗಿ ಏಳಡಿಗೆ ಮುಗಿಯಲಿ. ಆದರೆ ಅಂಗಡಿಗಳ ಕಟ್ಟೆ ಒಂದೊಂದೂ ಒಂದೊಂದು ಎತ್ತರ. ಒಬ್ಬರದು ಎರಡು ಮೆಟ್ಟಿಲು, ಪಕ್ಕದವರದು ರಸ್ತೆಗೆ ಸಮ, ಆಚೆಯವರು ಹೊಸದಾಗಿ ಗ್ರಾನೈಟ್ ಹಾಸಿ ಮತ್ತೆ ಆರಿಂಚು ಏರಿಸಿದ್ದಾರೆ. ಅಂಗಡಿಯ ನೆಲದಿಂದ ಟೇಪು ಹಿಡಿದರೆ ದಡಿ ಅಲೆಯಾಗುತ್ತದೆ. ರಸ್ತೆಯಿಂದ ಹಿಡಿದರೂ ಗಟಾರದ ಇಳಿಜಾರು ಮೋಸ ಮಾಡುತ್ತದೆ.

ಗೌಂಡಿಯವರಿಂದ ಲೆವೆಲ್ ಪೈಪ್ ಕೇಳಿ ತನ್ನಿ. ಪಾರದರ್ಶಕ ಪೈಪು, ಒಳಗೆ ನೀರು. ಗಾಳಿಗುಳ್ಳೆ ಒಂದೂ ಇರಬಾರದು. ಇದ್ದರೆ ಲೆಕ್ಕ ತಪ್ಪುತ್ತದೆ. ನೀರಿಗೆ ಚಿಟಿಕೆ ಕುಂಕುಮ ಕದಡಿದರೆ ಮಟ್ಟ ಸ್ಪಷ್ಟ ಕಾಣುತ್ತದೆ. ಸಾಲಿನ ನಡುವಿನ ಅಂಗಡಿಯ ಗಾಜಿನ ಮೇಲೆ ರಸ್ತೆಯಿಂದ ಆರಡಿ ಅಳೆದು ಟೇಪಿನ ಚೂರು ಅಂಟಿಸಿ. ಒಬ್ಬರು ಪೈಪಿನ ಒಂದು ತುದಿಯನ್ನು ಆ ಗುರುತಿಗೆ ಹಿಡಿಯಬೇಕು, ಇನ್ನೊಬ್ಬರು ಮತ್ತೊಂದು ತುದಿ ಹಿಡಿದು ಪಕ್ಕದ ಅಂಗಡಿಗೆ ಹೋಗಬೇಕು. ಇಬ್ಬರ ಹೆಬ್ಬೆರಳೂ ಪೈಪಿನ ಬಾಯಿಂದ ತೆಗೆದಿರಲಿ. ಮೊದಲಿನವರು ಪೈಪನ್ನು ಮೇಲೆ ಕೆಳಗೆ ಮಾಡಿ ನೀರನ್ನು ಗುರುತಿಗೆ ತಂದು ನಿಲ್ಲಿಸಿ “ಹಾಂ, ಹಿಡೀರಿ” ಎಂದ ಕೂಡಲೆ ಎರಡನೆಯವರು ತಮ್ಮ ಕಡೆ ನೀರು ನಿಂತಲ್ಲಿ ಗುರುತು ಹಾಕುವುದು. ಪ್ರತಿ ಗಾಜಿಗೂ ಎರಡು ಗುರುತು, ಆ ತುದಿ ಈ ತುದಿ. ಅವುಗಳ ನಡುವೆ ಮಾಸ್ಕಿಂಗ್ ಟೇಪ್ ಎಳೆದರೆ ದಡಿಯ ಕೆಳ ಅಂಚು ಸಿದ್ಧ.

ಓಣಿ ಇಳಿಜಾರಾಗಿದ್ದರೆ ಒಂದು ತುದಿಯಲ್ಲಿ ದಡಿ ಗಾಜಿನ ಚೌಕಟ್ಟಿಗೆ ಮುಟ್ಟಿಬಿಡುತ್ತದೆ. ಆಗ ಎರಡು ಅಂಗಡಿಗಳ ನಡುವಿನ ಕಂಬದ ಹತ್ತಿರ ಪೂರ್ತಿ ಒಂದಡಿ, ಅಂದರೆ ಒಂದು ದಡಿಯಷ್ಟೇ, ಕೆಳಗಿಳಿಸಿ. ಇಂಚಿಂಚು ಇಳಿಸುತ್ತ ಹೋದರೆ ತಪ್ಪು ಮಾಡಿದಂತೆ ಕಾಣುತ್ತದೆ, ಒಂದಡಿ ಇಳಿಸಿದರೆ ಬೇಕೆಂದೇ ಮಾಡಿದ ಮೆಟ್ಟಿಲು.

ಬರೆಯುವುದು

ಚೌತಿಯ ಹಿಂದಿನ ದಿನ ಪೇಟೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಫಲಾವಳಿ, ಹೂವು, ಮೂರ್ತಿ ತರುವವರ ನೂಕುನುಗ್ಗಲು. ಅದಕ್ಕೆ ಎರಡು ದಿನ ಮೊದಲೇ ಮುಗಿಸುವಂತೆ ಎರಡು ಮೂರು ಬೆಳಗುಗಳನ್ನು ಇಟ್ಟುಕೊಳ್ಳಿ. ಆರರಿಂದ ಹತ್ತು ಒಳ್ಳೆಯ ಹೊತ್ತು. ವಾರದ ರಜೆಯ ದಿನ ಸಿಕ್ಕರೆ ಇನ್ನೂ ಒಳ್ಳೆಯದು. ಏಣಿ ಹತ್ತಿದವರ ಕೆಳಗೆ ಒಬ್ಬರು ಏಣಿ ಹಿಡಿದೇ ಇರಬೇಕು, ಆ ಹೊತ್ತಿನಲ್ಲಿ ಹಾಲಿನ ಗಾಡಿ, ತರಕಾರಿ ಟೆಂಪೋಗಳೇ ಜಾಸ್ತಿ.

ನಮೂನೆಯನ್ನು ಬಟರ್ ಪೇಪರ್ ಮೇಲೆ ನಾಲ್ಕಡಿ ಉದ್ದಕ್ಕೆ ಪೂರ್ಣ ಅಳತೆಯಲ್ಲಿ ದಪ್ಪ ಮಾರ್ಕರಿನಿಂದ ಬರೆದುಕೊಳ್ಳಿ. ಇಂಥ ಎರಡು ಮೂರು ಹಾಳೆ ಇದ್ದರೆ ಇಡೀ ಓಣಿಗೆ ಸಾಕು, ಅದನ್ನೇ ಸರಿಸುತ್ತ ಹೋಗುವುದು. ಹೊರಗೆ ಬರೆಯುವುದಾದರೆ ಹಾಳೆ ಗಾಜಿನ ಒಳಗಡೆ, ಒಳಗೆ ಬರೆಯುವುದಾದರೆ ಹಾಳೆ ಹೊರಗಡೆ. ಒಂದೇ ನಿಯಮ: ಹಾಳೆಯ ಮುಖ ಯಾವಾಗಲೂ ರಸ್ತೆಗೆ. ಒಳಗಿನಿಂದ ಬರೆಯುವವರಿಗೆ ಹಾಳೆಯ ಬೆನ್ನು ಕಾಣುತ್ತದೆ, ಆದರೆ ಬೆಳಗಿನ ಬೆಳಕು ಹಿಂದಿನಿಂದ ಬರುವುದರಿಂದ ಗೆರೆ ಚೆನ್ನಾಗಿಯೇ ಮೂಡುತ್ತದೆ. ಬಟರ್ ಪೇಪರ್ ಬೇಕಾಗುವುದು ಅದಕ್ಕೇ. ಈ ನಿಯಮ ಬಿಟ್ಟರೆ ಒಂದು ಅಂಗಡಿಯ ಆನೆ ಸ್ಟೇಶನ್ ಕಡೆಗೂ ಪಕ್ಕದ ಅಂಗಡಿಯ ಆನೆ ಅದರ ಎದುರಿಗೂ ಹೊರಟು ನಡುವೆ ಗುದ್ದಾಡುತ್ತವೆ. ಅಕ್ಷರಗಳೂ ಇದೇ ನಿಯಮದಲ್ಲಿ ತಾನೇ ಸರಿಬರುತ್ತವೆ, ಕನ್ನಡಿ ಬರಹ ಕಲಿಯಬೇಕಿಲ್ಲ.

ಕುಂಚದ ಒಂದು ಎಳೆತಕ್ಕೆ ಒಂದು ಹೊಲಿಗೆ. ಚಪ್ಪಟೆ ಕುಂಚದ ಅಂಚನ್ನು ಬಣ್ಣಕ್ಕೆ ತಾಗಿಸಿ, ಬಟ್ಟಲಿನ ಬಾಯಿಗೆ ಒರೆಸಿ, ಮನೆಯ ಈ ಮೂಲೆಯಿಂದ ಆ ಮೂಲೆಗೆ ಒಂದೇ ಸಲ ಎಳೆದು ಎತ್ತಿಬಿಡಿ. ಮುಂದಿನ ಗೆರೆ ಇದಕ್ಕೆ ಮುಟ್ಟಬಾರದು, ಒಂದು ಅಕ್ಕಿಕಾಳಿನಷ್ಟು ಸಂದು ಇರಲಿ. ಆ ಸಂದಿನಿಂದಲೇ ದೂರಕ್ಕೆ ಅದು ದಾರದ ಹಾಗೆ ಕಾಣುವುದು. ಕೂಡಿಸಿಬಿಟ್ಟರೆ ಬರಿ ಗೆರೆ. ಮೇಲಿನಿಂದ ಕೆಳಗೆ ಬರೆಯುತ್ತ ಬನ್ನಿ, ಬಲಗೈಯವರು ಎಡದಿಂದ ಬಲಕ್ಕೆ. ಇಲ್ಲವಾದರೆ ಮೊಣಕೈ ಬರೆದದ್ದನ್ನು ಅಳಿಸುತ್ತದೆ.

ಎರಡು ಗಾಜುಗಳ ನಡುವೆ ಅಲ್ಯೂಮಿನಿಯಂ ಪಟ್ಟಿ ಬಂದಾಗ ಆನೆಯನ್ನು ಅರ್ಧಕ್ಕೆ ಕತ್ತರಿಸಬೇಡಿ. ಪ್ರತಿ ಗಾಜಿನ ನಡುವಿನಿಂದ ಎರಡೂ ಬದಿಗೆ ಎಣಿಸುತ್ತ ಹೋಗಿ, ಅಂಚಿನಲ್ಲಿ ಉಳಿದ ಮನೆಗಳನ್ನು ಮುರಗಿ ಗೆರೆಯಿಂದ ತುಂಬಿಸಿ. ಕಸೂತಿ ಹಾಕುವವರೂ ಹೀಗೇ ಉಳಿದ ಎಳೆಗಳನ್ನು ತುಂಬುತ್ತಾರೆ.

ಸೆರಗಿನಲ್ಲಿ ಯಾರಾದರೂ ತುಂಬು ಬಣ್ಣದ ಚಿತ್ರ ಬೇಕೆಂದು ಹಟ ಹಿಡಿದರೆ, ಒಳಮೈಯಲ್ಲಿ ಬರೆಯುವಾಗ ಕ್ರಮ ತಿರುಗುಮುರುಗು ಎಂಬುದು ನೆನಪಿರಲಿ. ಮೊದಲು ಹೊರಗೆರೆ ಮತ್ತು ಕಣ್ಣು, ಆಮೇಲೆ ಮೈಬಣ್ಣ, ಎಲ್ಲಕ್ಕೂ ಕೊನೆಗೆ ಹಿಂದೆ ಬಿಳಿ. ಮೈಸೂರು ಕಡೆಯ ಹಳೆಯ ಗಾಜಿನ ಪಟಗಳನ್ನು ಬರೆದವರು ಹೀಗೆ ಹಿಂದುಮುಂದಾಗಿಯೇ ಬರೆದರು.

ಬೆಳಕು

ಬಣ್ಣ ಒಣಗಿದ ರಾತ್ರಿಯೇ ಒಂದು ಗಾಜಿನ ಮುಂದೆ, ರಸ್ತೆಯ ಆಚೆ ಬದಿಗೆ ನಿಂತು ನೋಡಿ. ಅಂಗಡಿಯ ಒಳಗೆ ಟ್ಯೂಬ್‌ಲೈಟ್ ಝಗಮಗಿಸುತ್ತಿದ್ದರೆ ನಿಮ್ಮ ಬಿಳಿ ದಡಿ ಕಪ್ಪಗೆ ಕಾಣುತ್ತದೆ. ಬಣ್ಣ ಬೆಳಕನ್ನು ತಡೆಯುವುದರಿಂದ ಅದು ಬರಿ ನೆರಳು. ಒಳಗಿನ ಮುಂಸಾಲಿನ ದೀಪ ಆರಿಸಿ, ಬೋರ್ಡಿನ ಕೆಳಗೆ ಹೊರಗಿನಿಂದ ಗಾಜಿಗೆ ಬೀಳುವಂತೆ ಒಂದು ಎಲ್‌ಇಡಿ ಪಟ್ಟಿ ಕಟ್ಟಿದರೆ ದಡಿ ಎದ್ದು ನಿಲ್ಲುತ್ತದೆ. ವ್ಯಾಪಾರದ ಹೊತ್ತಿನಲ್ಲಿ ಒಳದೀಪ ಆರಿಸಲು ಆಗುವುದಿಲ್ಲ, ಅದು ಸರಿ. ಅಂಥ ಅಂಗಡಿಗಳಲ್ಲಿ ಹಳದಿ, ಕಿತ್ತಳೆಯನ್ನು ತೆಳ್ಳಗೆ ಒಂದೇ ಕೈ ಬರೆಯಿರಿ. ಒಳಗಿನ ಬೆಳಕು ಅದರ ಮೂಲಕ ಹಾದು ಬಣ್ಣವೇ ಹೊಳೆಯುತ್ತದೆ. ಹೊರಗೆ ಕಟ್ಟುವ ಪಟ್ಟಿ ಮಳೆಗೆ ತಡೆಯುವ ಜಾತಿಯದಾಗಿರಲಿ, ವೈರಿನ ಜೋಡಣೆ ಎಲ್ಲವೂ ಒಳಗಿರಲಿ.

ಹಬ್ಬದ ದಿನಗಳಲ್ಲಿ

ದಿನಾ ಬೆಳಿಗ್ಗೆ ಗಾಜು ಒರೆಸುವ ಹುಡುಗನಿಗೆ ಮೊದಲೇ ಹೇಳಿಡಿ. ಅಭ್ಯಾಸಬಲದಿಂದ ಅವನು ಒದ್ದೆ ಬಟ್ಟೆ ಎಳೆದರೆ ಒಳಗಿನ ಪೋಸ್ಟರ್ ಕಲರ್ ಎಲ್ಲ ಬಕೆಟ್ಟಿಗೆ. ಬರೆದ ಬಣ್ಣ ಸ್ವಲ್ಪ ಮುಚ್ಚಿಟ್ಟುಕೊಂಡಿರಿ, ಉದುರಿದಲ್ಲಿ ತಿದ್ದಲು ಬೇಕಾಗುತ್ತದೆ. ಐದನೆಯ, ಏಳನೆಯ, ಒಂಬತ್ತನೆಯ, ಹನ್ನೊಂದನೆಯ ದಿನ ಮೆರವಣಿಗೆಗಳಿರುತ್ತವೆ; 11ನೆಯ ದಿನದ್ದು ಮರುದಿನ ಬೆಳಗಿನ ತನಕವೂ ನಡೆದೀತು. ಆ ರಾತ್ರಿ ಶಟರ್ ಇಳಿಸಿಯೇ ಇಡಿ. ಗುಲಾಲು ಒದ್ದೆ ಗಾಜಿಗೆ ಹತ್ತಿದರೆ ಒರೆಸುವ ಹಾಗಿಲ್ಲ, ಒಣಗಿದ ಮೇಲೆ ಒಣ ಕುಂಚದಿಂದ ಕೊಡವಬೇಕು.

ಇದೇ ಪದ್ಧತಿಯನ್ನು ಶಿವರಾತ್ರಿಯ ಸಿದ್ಧಾರೂಢರ ಜಾತ್ರೆಗೋ ಗದಗ, ಹಾವೇರಿಯ ಬೇಸಿಗೆ ಜಾತ್ರೆಗೋ ಮಾಡುವುದಾದರೆ ಮಳೆಯ ಚಿಂತೆ ಇಲ್ಲ, ಆದರೆ ಬಿಸಿಲಿಗೆ ಕಾದ ಗಾಜಿನ ಮೇಲೆ ಬಣ್ಣ ಕುಂಚದಲ್ಲೇ ಒಣಗುತ್ತದೆ. ಬೆಳಿಗ್ಗೆ ಎಂಟಕ್ಕೇ ನಿಲ್ಲಿಸಿ, ಸಂಜೆ ಮುಂದುವರಿಸಿ.

ತೆಗೆಯುವುದು

ವಿಸರ್ಜನೆಯಾದ ಎರಡು ಮೂರು ದಿನದಲ್ಲಿ ತೆಗೆದುಬಿಡಿ. ಎಮಲ್ಷನ್ ದಿನ ಕಳೆದಷ್ಟು ಗಟ್ಟಿ. ಉಗುರುಬೆಚ್ಚಗಿನ ಸೋಪಿನ ನೀರು ಹಚ್ಚಿ, ಅದರ ಮೇಲೆ ಒದ್ದೆ ಪೇಪರು ಅಂಟಿಸಿ ಇಪ್ಪತ್ತು ನಿಮಿಷ ಬಿಡಿ. ಪೇಪರು ತೆಗೆದಾಗ ಬಣ್ಣ ಮೆತ್ತಗಾಗಿ ಸುಕ್ಕುಬಂದಿರುತ್ತದೆ. ಸಾದಾ ಗಾಜಿಗೆ ಹೊಸ ಬ್ಲೇಡನ್ನು ಹಿಡಿಕೆಯಲ್ಲಿ ಸಿಕ್ಕಿಸಿ, ಗಾಜಿಗೆ ಬಾಗಿಸಿ ಹಿಡಿದು ಮುಂದಕ್ಕೆ ಮಾತ್ರ ತಳ್ಳಿ. ಹಿಂದಕ್ಕೆ ಎಳೆದರೆ ಸಿಕ್ಕ ಕಸ ಗೀರುತ್ತದೆ. ಗಾಜು ಒಣಗುತ್ತಿದ್ದರೆ ಮತ್ತೆ ನೀರು ಹಚ್ಚಿ. ವಹಿಯಲ್ಲಿ ‘ಬ್ಲೇಡ್ ಬೇಡ’ ಎಂದು ಬರೆದ ಗಾಜುಗಳಿಗೂ ಅಕ್ರಿಲಿಕ್ ಶೀಟಿಗೂ ಹಳೆಯ ಎಟಿಎಂ ಕಾರ್ಡು ಸಾಕು, ಹೊತ್ತು ಸ್ವಲ್ಪ ಹಿಡಿಯುತ್ತದೆ ಅಷ್ಟೇ.

ಕೆರೆದು ಬಂದ ಸಿಪ್ಪೆ ಪ್ಲಾಸ್ಟಿಕ್ಕೇ, ಗಟಾರಕ್ಕೆ ಗುಡಿಸಬೇಡಿ. ಕೆಳಗೆ ಮೊದಲೇ ಪೇಪರು ಹಾಸಿದ್ದರೆ ಮಡಚಿ ಒಣಕಸಕ್ಕೆ ಹಾಕಬಹುದು. ಕುಂಚ ತೊಳೆದ ನೀರನ್ನು ಬಕೆಟ್ಟಿನಲ್ಲಿ ರಾತ್ರಿ ನಿಲ್ಲಿಸಿ, ತಳಕ್ಕೆ ಕೂತ ಗಸಿಯನ್ನು ಒಣಗಿಸಿ ಅದೇ ಕಸಕ್ಕೆ ಸೇರಿಸಿ.

ಬಟರ್ ಪೇಪರ್ ಹಾಳೆಗಳನ್ನು ಬಿಸಾಡಬೇಡಿ. ಮಡಚದೆ ಪಿವಿಸಿ ಪೈಪಿನ ತುಂಡಿನೊಳಗೆ ಸುತ್ತಿಟ್ಟು, ಮೇಲೆ ಮುಖ ಯಾವ ಕಡೆ, ಆನೆ ಯಾವ ಕಡೆ, ಯಾವ ಅಂಗಡಿಯಿಂದ ಎಣಿಕೆ ಶುರು ಎಂದು ಬರೆಯಿರಿ. ಅಂಗಡಿವಾರು ಅಳತೆಯ ವಹಿಯನ್ನೂ ಅದರ ಜೊತೆಗೇ ಕಟ್ಟಿ, ಓಣಿಯ ಹಳೆಯ ಅಂಗಡಿಯ ಕಾಕಾರ ಅಟ್ಟದ ಮೇಲಿಡಿ. ಮುಂದಿನ ಸಲ ಗ್ರಾನೈಟ್ ಹಾಸಿ ಕಟ್ಟೆ ಏರಿಸಿದವರು ಯಾರು ಎಂದು ಮಾತ್ರ ನೋಡಿಕೊಂಡರಾಯಿತು.